ಅಪ್ಪನ ಪಕ್ಕದ ಮಣೆ

ನಮ್ಮ ಮನೆಯಲ್ಲಿ ಊಟಕ್ಕೆ ಎರಡೇ ಮಣೆಗಳಿದ್ದವು. ಒಂದು ಅಪ್ಪನದು, ಇನ್ನೊಂದು ನನ್ನದು. ಅಪ್ಪ ಶಿವಾಜಿನಗರದ ಕೋರ್ಟಿನಲ್ಲಿ ಗುಮಾಸ್ತ. ಸೈಕಲ್ಲಿನ ಮೇಲೆ ಮನೆಗೆ ಬಂದು, ಕಾಲು ತೊಳೆದು, ಟೋಪಿಯನ್ನು ಗೂಟಕ್ಕೆ ಸಿಕ್ಕಿಸಿ ಅವನು ಕುಳಿತರೆ ನಾನೂ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತುಕೊಳ್ಳುತ್ತಿದ್ದೆ. ಅವ್ವ ಬಡಿಸುತ್ತಿದ್ದಳು, ಮೊದಲು ಅಪ್ಪನ ತಾಟಿಗೆ, ಆಮೇಲೆ ನನ್ನ ತಾಟಿಗೆ. ಆಯಿ, ಅಂದರೆ ಅಪ್ಪನ ತಾಯಿ, ಬಾಗಿಲ ಹತ್ತಿರ ಕುಳಿತು ರೊಟ್ಟಿ ಬಿಸಿಯಿದೆಯೋ ಇಲ್ಲವೋ ಎಂದು ಕಣ್ಣಿಟ್ಟಿರುತ್ತಿದ್ದಳು. ನಾವಿಬ್ಬರೂ ಕೈ ತೊಳೆದ ಮೇಲೆ ಆ ಇಬ್ಬರು ಹೆಂಗಸರು ಅಡಿಗೆಮನೆಯ ಬರಿನೆಲದ ಮೇಲೆ ಕುಳಿತು ಉಣ್ಣುತ್ತಿದ್ದರು. ನನಗಾಗ ನಾಲ್ಕೈದು ವರ್ಷ. ಖಾಕಿ ಚಡ್ಡಿ, ಅರ್ಧ ತೋಳಿನ ಅಂಗಿ, ಮಷೀನ್ ಹೊಡೆಸಿದ ತಲೆ, ಬಸು ಎಂಬ ಹೆಸರು. ನಾನು ಹೆಣ್ಣುಮಗು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹೇಳುವ ಹಾಗಿರಲಿಲ್ಲ, ಅಷ್ಟೆ.

ಇದನ್ನೆಲ್ಲ ಬರೆಯಬೇಕೆಂದು ಇಷ್ಟು ವರ್ಷ ಅನ್ನಿಸಿರಲಿಲ್ಲ. ಬರೆಯಿಸಿದವಳು ಮೊಮ್ಮಗಳು ಇರಾ. ಅವಳು ಸೈಕಾಲಜಿಯಲ್ಲಿ ಎಂ.ಎ. ಮಾಡುತ್ತಿದ್ದಾಳೆ. ಕೋಥರೂಡದ ನಮ್ಮ ಫ್ಲ್ಯಾಟಿನ ಡೈನಿಂಗ್ ಟೇಬಲ್ ಈಗ ಅವಳ ಲ್ಯಾಪ್‌ಟಾಪಿನ ಸ್ವತ್ತು. ನನ್ನ ತಾಟಿಗೆ ಒಂದು ಮೂಲೆ ಬಿಟ್ಟುಕೊಟ್ಟಿದ್ದಾಳೆ. ಮಕ್ಕಳು ತಾವು ಗಂಡು, ತಾವು ಹೆಣ್ಣು ಎಂದು ಒಳಗೊಳಗೇ ಹೇಗೆ ತಿಳಿದುಕೊಳ್ಳುತ್ತಾರೆ ಎಂಬುದರ ಮೇಲೆ ಪೇಪರ್ ಬರೆಯಬೇಕಂತೆ, ಅದಕ್ಕೆ ಮನೆಯ ಹಿರಿಯರೊಬ್ಬರ ಬಾಲ್ಯವನ್ನು ಕೇಳಿ ಜೋಡಿಸಬೇಕಂತೆ. ಅವಳು ಹೇಳಿದ ಥಿಯರಿ ನನಗೆ ಅರ್ಥವಾದ ಮಟ್ಟಿಗೆ ಹೀಗಿದೆ. ಹಸುಗೂಸಿಗೆ, ಗಂಡಾಗಲಿ ಹೆಣ್ಣಾಗಲಿ, ಜಗತ್ತೆಂದರೆ ತಾಯಿ. ಮೂರು ನಾಲ್ಕು ವರ್ಷಕ್ಕೆ ಮಗು ಮೈಯ ವ್ಯತ್ಯಾಸವನ್ನು ಗಮನಿಸುತ್ತದೆ. ಹುಡುಗ ತಾಯಿ ತನಗೊಬ್ಬನಿಗೇ ಬೇಕೆಂದು ತಂದೆಯ ಜೊತೆ ಮನಸ್ಸಿನಲ್ಲೇ ಪೈಪೋಟಿಗಿಳಿದು, ಹೆದರಿ, ಕೊನೆಗೆ ತಂದೆಯಂತೆಯೇ ಆಗುತ್ತೇನೆ ಎಂದು ರಾಜಿಯಾಗುತ್ತಾನೆ. ಹುಡುಗಿ ತನಗೇನೋ ಕೊಡಲಿಲ್ಲವೆಂದು ತಾಯಿಯ ಮೇಲೆ ಮುನಿದು ತಂದೆಯ ಕಡೆ ವಾಲುತ್ತಾಳೆ, ಅಲ್ಲಿಯೂ ಗೆಲ್ಲಲಾರದೆ ಮರಳಿ ತಾಯಿಯ ಹತ್ತಿರ ಬಂದು ಅವಳಂತಾಗುತ್ತಾಳೆ. ಆ ‘ಏನೋ’ ಯಾವುದೆಂದು ಇರಾ ಇಂಗ್ಲಿಷಿನಲ್ಲಿ ಹೇಳಿದಳು. ನಮ್ಮ ಕಾನ್ವೆಂಟಿನ ಇಂಗ್ಲಿಷಿನಲ್ಲಿ ಆ ಶಬ್ದ ಕಲಿಸಿರಲಿಲ್ಲ. ಕನ್ನಡದ್ದನ್ನು ನಾನು ಬಾಯಿಬಿಟ್ಟು ಹೇಳಿದವಳಲ್ಲ. ಎದ್ದು ಹೋಗಿ ಗ್ಯಾಸ್ ಸಣ್ಣ ಮಾಡಿ ಬಂದು ಕುಳಿತೆ. ಮುಂದೆ ಬಂದ ಹೆಣ್ಣು ವಿದ್ವಾಂಸರು ಇದನ್ನು ಒಪ್ಪಲಿಲ್ಲವಂತೆ. ಹುಡುಗಿಯ ಹೊಟ್ಟೆಕಿಚ್ಚೆಲ್ಲ ಗಂಡಿಗೆ ಸಿಗುವ ಅನುಕೂಲಗಳ ಮೇಲೆ ಎಂದರಂತೆ.

“ಅಜ್ಜಿ, ನಿನಗ ಹಂಗ ಏನರ ಅನಿಸಿತ್ತೇನು? ಆನೆಸ್ಟ್ಲಿ ಹೇಳು.”

“ನನಗ ಹೊಟ್ಟಿಕಿಚ್ಚು ಆಗಿದ್ದು ಒಂದು ಮಣೆ ಸಲುವಾಗಿ, ಮೈ ಡಿಯರ್.”

ಅವಳು ನಗುತ್ತಲೇ ಅದನ್ನು ಟೈಪ್ ಮಾಡಿಕೊಂಡಳು. ನಾನು ನಗಲಿಲ್ಲ.

ನಾವು ಆಗ ಇದ್ದದ್ದು ಇದೇ ಊರಿನ ಒಳಪೇಠೆಯ ಒಂದು ಹಳೆಯ ವಾಡೆಯಲ್ಲಿ. ನಡುವೆ ಅಂಗಳ, ಅಂಗಳದಲ್ಲಿ ಎಲ್ಲರಿಗೂ ಸೇರಿ ಒಂದೇ ನಳ, ಸುತ್ತಲೂ ಎರಡಂತಸ್ತಿನ ಕೋಣೆಗಳು. ಮೇಲಂತಸ್ತಿನ ಎರಡು ಕೋಣೆ ಮತ್ತು ಮಂಡಿಯೆತ್ತರ ಕಟ್ಟೆಯ ಅಡಿಗೆಮನೆ ನಮ್ಮವು. ಮರದ ಮೆಟ್ಟಿಲು ಯಾರ ಹೆಜ್ಜೆಗೆ ಹೇಗೆ ಕಿರುಗುಟ್ಟುತ್ತದೆ ಎಂಬುದು ನನಗೆ ಬಾಯಿಪಾಠವಾಗಿತ್ತು. ಹೊರಗೆಲ್ಲ ಮರಾಠಿ, ಹೊಸ್ತಿಲು ದಾಟಿದರೆ ಬಾಗಲಕೋಟೆ ಕಡೆಯ ಕನ್ನಡ. ಅವ್ವನ ತವರು ಗುಳೇದಗುಡ್ಡ, ರವಿಕೆಯ ಖಣ ನೇಯುವ ಊರು. ಹೀಗಾಗಿ ಯಾರು ಅವಳಿಗೆ ಉಡಿ ತುಂಬಿದರೂ ಅಕ್ಕಿ, ಕೊಬ್ಬರಿ ಬಟ್ಟಲಿನ ಜೊತೆ ಒಂದು ಕುಬಸದ ಖಣ ಬರುತ್ತಿತ್ತು. ಕೆಂಪು, ಗಿಳಿಹಸಿರು, ನೇರಳೆ. ಅವ್ವನ ಮೈಮೇಲೆ ಮಾತ್ರ ಅವೇ ಎರಡು ಹಳೆಯ ಕುಬಸಗಳು ಕಾಣುತ್ತಿದ್ದವು. ಆ ಖಣಗಳೆಲ್ಲ ಎಲ್ಲಿಗೆ ಹೋಗುತ್ತವೆ ಎಂದು ನಾನು ಎಂದೂ ಕೇಳಲಿಲ್ಲ. ಚಡ್ಡಿ ಹಾಕಿದವರು ಅಂಥದ್ದನ್ನು ಕೇಳುವುದಿಲ್ಲ.

ಚಡ್ಡಿಯ ಕತೆ ಇಷ್ಟು. ನನಗಿಂತ ಮೊದಲು ಅವ್ವನಿಗೆ ಇಬ್ಬರು ಗಂಡುಮಕ್ಕಳು ಹುಟ್ಟಿ ತೊಟ್ಟಿಲಲ್ಲೇ ಹೋಗಿದ್ದರು. ಇಬ್ಬರಿಗೂ ಕೊನೆಯ ನೀರು ಹಾಕಿದವಳು ಆಯಿ. ಮೂರನೆಯವಳಾಗಿ ನಾನು ಬಂದಾಗ ಅವಳು ಹರಕೆ ಹೊತ್ತಳು: ಈ ಕೂಸನ್ನು ಗಂಡೆಂದೇ ಸಾಕುತ್ತೇವೆ, ಬೆನ್ನ ಹಿಂದೆ ಗಂಡನ್ನು ಕರೆದುಕೊಂಡು ಬರಲಿ. ಬಂದವನ ತೊಟ್ಟಿಲ ಕಾರ್ಯದ ದಿನ ಇದರ ಅಂಗಿ ಚಡ್ಡಿಯನ್ನು ಅವನ ಹಾಸಿಗೆಯ ಕೆಳಗಿಟ್ಟು, ಇದರ ಹೆಸರನ್ನು ಅವನಿಗೆ ಕೊಟ್ಟು, ಆಮೇಲೆ ಇದನ್ನು ಹೆಣ್ಣು ಮಾಡುತ್ತೇವೆ. ಅಲ್ಲಿಯತನಕ ಬಳೆಯಿಲ್ಲ, ಹೂವಿಲ್ಲ. ‘ಮಗಳೇ’ ಎಂದು ಯಾರೂ ಕರೆಯುವಂತಿಲ್ಲ, ಹೆತ್ತವಳಂತೂ ಕರೆಯಲೇಬಾರದು. ಅವಳ ಬಾಯಿಂದ ಬಂದ ಮಾತು ನೇರ ದೇವರ ಕಿವಿಗೆ ಬೀಳುತ್ತದೆ. ನಳದ ಹತ್ತಿರ ಹೊಸಬರು ಯಾರಾದರೂ ಇದು ಹುಡುಗನೋ ಹುಡುಗಿಯೋ ಎಂದು ಕೇಳಿದರೆ ಆಯಿ ಕೊಡ ಎತ್ತಿಕೊಳ್ಳುತ್ತ ತನ್ನ ಮುರುಕು ಮರಾಠಿಯಲ್ಲಿ, ನಮ್ಮ ಮನೆಯಲ್ಲಿ ಇವನೇ ದೊಡ್ಡವನು ಎನ್ನುತ್ತಿದ್ದಳು.

ಅವ್ವ ಆ ನಿಯಮವನ್ನು ಒಂದು ದಿನವೂ ಮೀರಲಿಲ್ಲ. ಬಾಯಿ ತಪ್ಪೀತೆಂಬ ಹೆದರಿಕೆಗೋ ಏನೋ, ನನ್ನಿಂದ ಒಂದು ಮಾರು ದೂರವೇ ಇರುತ್ತಿದ್ದಳು. ಸ್ನಾನ ಮಾಡಿಸುವವಳು ಆಯಿ, ಅಂಗಿ ತೊಡಿಸುವವನು ಅಪ್ಪ. ಚಡ್ಡಿಯ ಲಾಡಿ ಕಟ್ಟುವುದು ನನಗೆ ಬರುತ್ತಿರಲಿಲ್ಲ, ಅದೂ ಅಪ್ಪನದೇ ಕೆಲಸ. ಅವ್ವ ಬಡಿಸುತ್ತಿದ್ದಳು, ಸಾಕೋ ಬೇಕೋ ಎಂದು ಕೇಳುತ್ತಿದ್ದಳು. ಮಡಿಲಲ್ಲಿ ಕೂಡಿಸಿಕೊಂಡದ್ದು ನೆನಪಿಲ್ಲ. ಪಕ್ಕದ ಕೋಣೆಯ ತಾಯಿ ತನ್ನ ಮಗಳ ಜಡೆ ಹೆಣೆಯುವಾಗ ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಆ ಹುಡುಗಿ ನೋವಾಗಿ ಅಳುತ್ತಿದ್ದಳು. ನನಗೆ ಆ ಅಳುವೂ ಬೇಕಿತ್ತು ಎಂದು ಈಗ ಹೇಳಬಲ್ಲೆ. ಆಗ ಅವಳನ್ನು ಅಣಕಿಸಿ ಓಡಿಬರುತ್ತಿದ್ದೆ. ಅವ್ವನಿಗೆ ನಾನು ಬೇಡವಾಗಿದ್ದೇನೆ ಎಂಬುದು ನನ್ನ ಮಟ್ಟಿಗೆ ತೀರ್ಮಾನವಾಗಿತ್ತು. ಹಾಗಾಗಿ ಅಪ್ಪನನ್ನು ಇಡಿಯಾಗಿ ನನ್ನವನನ್ನಾಗಿ ಮಾಡಿಕೊಂಡೆ. ಭಾನುವಾರ ಬೆಳಿಗ್ಗೆ ಅವನ ಸೈಕಲ್ಲಿನ ಮುಂದಿನ ಕೋಲಿನ ಮೇಲೆ ಕುಳಿತು ಕಟಿಂಗಿಗೆ ಹೋಗುತ್ತಿದ್ದೆ. ಸಲೂನಿನ ಕುರ್ಚಿಯ ಎರಡು ಕೈಗಳ ಮೇಲೆ ಹಲಗೆ ಇಟ್ಟು ನನ್ನನ್ನು ಕೂಡಿಸುತ್ತಿದ್ದರು. ಕನ್ನಡಿಯಲ್ಲಿ ನಾನೂ ಅಪ್ಪನೂ ಒಂದೇ ಎತ್ತರ. ಅಲ್ಲಿಯ ಕ್ಷೌರಿಕ ನನಗೆ ಸಿಳ್ಳೆ ಹೊಡೆಯುವುದನ್ನು ಕಲಿಸಿದ. ನಾವು ಹೊರಡುವಾಗ ಅವ್ವ ಬಾಗಿಲು ಹಾಕಿಕೊಳ್ಳುತ್ತಿದ್ದ ಸದ್ದು ಮೆಟ್ಟಿಲಿಗೆ ಕೇಳಿಸುತ್ತಿತ್ತು. ನಾನು ಹೋದದ್ದೇ ಅವಳಿಗೆ ಒಳ್ಳೆಯದಾಯಿತು ಎಂದು ನನಗೆ ಅನ್ನಿಸುತ್ತಿತ್ತು.

ನನಗೆ ಐದು ತುಂಬಿದ ಮೇಲೆ ತಮ್ಮ ಹುಟ್ಟಿದ. ಆಯಿ ವಾಡೆಯ ಎಲ್ಲ ಬಾಗಿಲಿಗೂ ಹೋಗಿ ಪೇಢೆ ಹಂಚಿದಳು. ನಾನು ಲೆಕ್ಕ ಹಾಕಿ ಅಪ್ಪನಿಗೆ, ಇನ್ನು ಮೂರನೆಯ ಮಣೆ ತರಬೇಕಲ್ಲ ಎಂದೆ. ಅಪ್ಪ ಸೈಕಲ್ ಒರೆಸುತ್ತ ಕುಳಿತ, ಒರೆಸಿದ ಚಕ್ರವನ್ನೇ ಮತ್ತೊಮ್ಮೆ ಒರೆಸಿದ.

ತೊಟ್ಟಿಲ ಕಾರ್ಯಕ್ಕೆ ಅಪ್ಪನ ಅಕ್ಕ, ನನ್ನ ಸೋದರತ್ತೆ, ವಿಜಯಪುರದಿಂದ ಬಂದಳು. ಉದ್ದ ಲಂಗಕ್ಕೆ ನಮ್ಮಲ್ಲಿ ಪರಕಾರ ಎನ್ನುತ್ತಾರೆ. ಅವಳು ನನಗೆಂದು ಅಂಗಡಿಯಿಂದ ಸ್ಯಾಟಿನ್ನಿನ ಪರಕಾರ ತಂದಿದ್ದಳು. ಬೆಳಿಗ್ಗೆಯೇ ನನ್ನ ಅಂಗಿ ಚಡ್ಡಿ ಬಿಚ್ಚಿಸಿ ಅದನ್ನು ತೊಡಿಸಿದರು. ಕೈಗೆ ಹಸಿರು ಬಳೆ. ಹೂ ಮುಡಿಸಲು ತಲೆಯಲ್ಲಿ ಕೂದಲೇ ಇಲ್ಲ. ಪಿನ್ನು ನಿಲ್ಲದೆ ಜಾರಿ ಜಾರಿ, ಕೊನೆಗೆ ಸೋದರತ್ತೆ ಮಲ್ಲಿಗೆಯ ದಂಡೆಯನ್ನು ನನ್ನ ಕಿವಿಗೆ ದಾರದಿಂದ ಕಟ್ಟಿದಳು. ಆಯಿ ನನ್ನ ಚಡ್ಡಿ ಅಂಗಿಯನ್ನು ಮಡಚಿ, ಕುಂಕುಮ ಹಚ್ಚಿ, ತೊಟ್ಟಿಲಲ್ಲಿ ಹಾಸಿದ ಕೌದಿಯ ಕೆಳಗೆ ಇಟ್ಟಳು. ಹೆಂಗಸರು ಕೂಸನ್ನು ತೊಟ್ಟಿಲ ಮೇಲಿಂದ ಒಮ್ಮೆ, ಕೆಳಗಿಂದ ಒಮ್ಮೆ ಕೈಯಿಂದ ಕೈಗೆ ದಾಟಿಸಿ ಮಲಗಿಸಿದರು. ಸೋದರತ್ತೆ ಅವನ ಕಿವಿಯಲ್ಲಿ ನನ್ನ ಹೆಸರು ಹೇಳಿದಳು. ಅವನು ಬಸವರಾಜ ಆದ. ಅದೇ ಉಸಿರಿನಲ್ಲಿ ನಾನು ಗಂಗಾ ಆದೆ. ಎಲ್ಲರ ಕೈಗೂ ಗುಗ್ಗರಿ ಬಂತು.

ನಾನು ಅಳಲಿಲ್ಲ. ಮಣೆ ಇದೆಯಲ್ಲ ಎಂದುಕೊಂಡಿದ್ದೆ. ಊಟಕ್ಕೆ ಗಂಡಸರ ಪಂಕ್ತಿ ಕುಳಿತಾಗ ಪರಕಾರ ಎತ್ತಿ ಹಿಡಿದುಕೊಂಡು ನೇರ ಹೋದೆ. ನನ್ನ ಮಣೆಯ ಮೇಲೆ ಕೋರ್ಟಿನ ಹೆಡ್‌ಕ್ಲಾರ್ಕ್ ಕುಳಿತಿದ್ದರು. ಅಪ್ಪ ತಲೆಯೆತ್ತಿ ನನ್ನನ್ನು ನೋಡಿದ, ಪಕ್ಕದ ಮನೆಯ ಮಗುವಿಗೆ ಹೇಳುವ ಹಾಗೆ ಮೆತ್ತಗೆ ಹೇಳಿದ.

“ಒಳಗ ಹೋಗವಾ ಗಂಗಾ. ಅವ್ವನ ಕೂಡ ಉಣ್ಣಿಯಂತ.”

ಇಷ್ಟನ್ನು ಇರಾಗೆ ಹೇಳಿ ನಾನು ಟೇಬಲ್ಲಿನ ಮೂಲೆಯ ನನ್ನ ತಾಟನ್ನು ಎತ್ತಿಕೊಂಡು ಹೋಗಿ ತೊಳೆದಿಟ್ಟು ಬಂದೆ. ಎಪ್ಪತ್ತು ದಾಟಿದ ಹೆಂಗಸು, ಗಂಡನ ಸಾವನ್ನೂ ಕಂಡವಳು, ಇಷ್ಟಕ್ಕೇ ಎದ್ದು ಹೋಗಬೇಕೇ ಎಂದು ನನಗೇ ನಾಚಿಕೆಯಾಯಿತು. ಆ ಐದು ವರ್ಷದ ಮಗುವಿನ ಪ್ರಶ್ನೆ ಒಂದೇ ಇತ್ತು: ಅಪ್ಪನಿಗೆ ಬೇಕಾಗಿದ್ದದ್ದು ಆ ಚಡ್ಡಿಯೋ, ನಾನೋ? ಚಡ್ಡಿಯಾಗಿದ್ದರೆ ಅದನ್ನು ತರುವುದು ಕಷ್ಟವೇನಲ್ಲ, ಅದು ಎಲ್ಲಿದೆ ಎಂದು ನನಗೆ ಗೊತ್ತಿತ್ತು.

ಒಳಕೋಣೆಯಲ್ಲಿ ತೊಟ್ಟಿಲ ಕೂಸಿನ ಹೊರತು ಯಾರೂ ಇರಲಿಲ್ಲ. ಅವ್ವ ಅಡಿಗೆಮನೆಯಲ್ಲಿ ಬಾಣಂತಿಯ ಕಷಾಯ ಕುಡಿಯುತ್ತಿದ್ದಳು. ನಾನು ಕೌದಿಯ ಅಂಚನ್ನು ಎತ್ತಿ, ಕೂಸಿನ ಕೆಳಗಿಂದ ನನ್ನ ಬಟ್ಟೆಯನ್ನು ಎಳೆದುಕೊಂಡೆ. ಅವನು ಎಚ್ಚರವಾಗಿ ನನ್ನನ್ನೇ ನೋಡಿದ, ಅಳಲಿಲ್ಲ. ಪರಕಾರವನ್ನು ನೆಲದ ಮೇಲೆ ಬಿಟ್ಟು ಅಂಗಿ ಹಾಕಿಕೊಂಡೆ, ಚಡ್ಡಿ ಏರಿಸಿಕೊಂಡೆ. ಲಾಡಿ ಕಟ್ಟಲು ಬರದೆ ಚಡ್ಡಿಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು, ಕಿವಿಯಲ್ಲಿ ಮಲ್ಲಿಗೆ ತೂಗಾಡುತ್ತಿದ್ದಂತೆಯೇ, ಪಂಕ್ತಿಯ ನಡುವೆ ಹೋಗಿ ನಿಂತೆ.

“ಅಪ್ಪಾ, ಲಾಡಿ ಕಟ್ಟು.”

ಯಾರೋ ನಕ್ಕರು, ಉಳಿದವರ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದರು. ಆಯಿ ತುಪ್ಪದ ಗಿಂಡಿಯನ್ನು ಅಲ್ಲೇ ನೆಲಕ್ಕಿಟ್ಟು ಒಳಗೆ ಓಡಿದಳು. ಕೌದಿ ಎತ್ತಿ ನೋಡಿದಳು. ತೊಟ್ಟಿಲಿನ ಹಗ್ಗ ಹಿಡಿದುಕೊಂಡೇ ನೆಲಕ್ಕೆ ಕುಸಿದು ಕುಳಿತಳು. ಬೈಗುಳ ಬಂದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ, ಅವಳು ಬೈಯಲಿಲ್ಲ. ಕೂಸಿನ ಕೆಳಗಿಂದ ತೆಗೆದಳು, ಕೂಸಿನ ಕೆಳಗಿಂದ ತೆಗೆದಳು ಎಂದು ಗೊಣಗುತ್ತ ಆ ಪುಟ್ಟ ಕಾಲುಗಳನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು, ಬೆಚ್ಚಗಿವೆಯೋ ಎಂದು. ಆ ಮನೆಯಲ್ಲಿ ಎರಡು ತೊಟ್ಟಿಲು ಖಾಲಿಯಾದದ್ದನ್ನು ಕಂಡ ಕೈ ಅದು. ಸೋದರತ್ತೆ ನನಗೆ ಹೊಡೆಯಲು ಕೈಯೆತ್ತಿದಳು. ಆ ಕೈ ಇಳಿಯುವ ಮೊದಲೇ ಅವ್ವ ಬಂದು ನನ್ನ ರಟ್ಟೆ ಹಿಡಿದು, ಅಡಿಗೆಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು. ಅವಳೇ ಹೊಡೆಯುತ್ತಾಳೆ ಎಂದುಕೊಂಡು ನಾನು ಕಣ್ಣು ಮುಚ್ಚಿದೆ. ಮೂಲೆಯಲ್ಲಿದ್ದ ಅವಳ ಟ್ರಂಕಿನ ಮುಚ್ಚಳದ ಸದ್ದು ಕೇಳಿಸಿತು.

ಟ್ರಂಕಿನ ತಳದಿಂದ ಅವ್ವ ಒಂದೊಂದಾಗಿ ತೆಗೆದಿಟ್ಟದ್ದು ಐದು ಪರಕಾರಗಳು. ಕುಬಸದ ಖಣಗಳನ್ನು ಒಂದಕ್ಕೊಂದು ಜೋಡಿಸಿ ಹೊಲಿದವು. ಒಂದು ಪಟ್ಟಿ ಕೆಂಪು, ಒಂದು ಹಸಿರು, ಒಂದು ನೇರಳೆ. ಮೊದಲನೆಯದು ಅಂಗೈಯಗಲ, ಬೊಂಬೆಯದಿರಬೇಕು ಎನ್ನುವಂತಿತ್ತು. ಐದನೆಯದು ನನ್ನ ಅಳತೆಯದು.

“ಇವು ನಿನ್ನವು. ದೀಪಾವಳಿಗೊಂದು. ನೀ ನಿಮ್ಮಪ್ಪನ ಕೂಡ ಕಟಿಂಗಿಗೆ ಹ್ವಾದಾಗ ಬಾಗಿಲಾ ಹಾಕ್ಕೊಂಡು ಹೊಲೀತಿದ್ದೆ.”

“ನನಗ ಯಾಕ ತೋರಿಸಲಿಲ್ಲ?”

“ತೋರಿಸಿದ್ರ ನಿನ್ನ ಮೈಮ್ಯಾಲ ಹಾಕಿ ನೋಡಬೇಕನಸ್ತಿತ್ತು, ಮಗಳ.”

ಆ ಶಬ್ದವನ್ನು ಅವಳ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಅವಳಿಗೂ ಅದು ಹೊಸದು. ಹೇಳಿದ ಮೇಲೆ ಬಾಯಿಗೆ ಸೆರಗು ಹಿಡಿದುಕೊಂಡಳು. ಐದನೆಯ ಪರಕಾರವನ್ನು ಹಾಕಿಕೊಳ್ಳುತ್ತೀಯಾ ಎಂದು ಕೇಳಿದಳು, ಅಪ್ಪಣೆ ಮಾಡಲಿಲ್ಲ. ನಾನು ಚಡ್ಡಿ ಬಿಚ್ಚುವುದಿಲ್ಲ ಎಂದೆ.

“ಬಿಚ್ಚಬ್ಯಾಡ. ಇರ್ಲಿ ಒಳಗ. ಅದರ ಮ್ಯಾಲ ಹಾಕ್ಕೋ.”

ಮೊದಲು ಚಡ್ಡಿಯ ಲಾಡಿ ಕಟ್ಟಿದಳು, ಆಮೇಲೆ ಪರಕಾರದ ಲಾಡಿ ಕಟ್ಟಿದಳು. ಅವಳ ಬೆರಳು ನನ್ನ ಹೊಟ್ಟೆಗೆ ತಾಗಿ ಕಚಗುಳಿಯಾಯಿತು. ನಂತರ ಆ ಬೊಂಬೆಯಳತೆಯ ಪರಕಾರವನ್ನು ಕೈಯಲ್ಲಿ ಹಿಡಿದು, ನನ್ನನ್ನು ಕರೆದುಕೊಂಡು, ಹೆಂಗಸರೆಲ್ಲ ಸೇರಿದ್ದ ಒಳಕೋಣೆಗೆ ಹೋದಳು. ಆಯಿಯೆದುರು ಅವ್ವ ದನಿಯೆತ್ತಿ ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ. ಆಗಲೂ ದನಿಯೆತ್ತಲಿಲ್ಲ.

“ಅತ್ತೀ, ಕೌದಿ ಕೆಳಗ ಇದನ್ನ ಇಡ್ತೀನ್ರಿ. ಇದೂ ಅಕಿ ಅರಿವೀನ ಐತ್ರಿ.”

“ಅದು ಹೆಣ್ಣಿನ ಅರಿವಿ ಅಲ್ಲನ?” ಎಂದಳು ಆಯಿ.

“ಹೌದ್ರಿ. ಐದು ವರ್ಷ ಇಕಿ ಗಂಡಿನ ಅರಿವ್ಯಾಗ ಬದುಕ್ಯಾಳ. ಇಂವ ಒಂದು ಹೆಣ್ಣಿನ ಅರಿವಿ ಮ್ಯಾಲ ಬದುಕ್ತಾನ ಬಿಡ್ರಿ.”

ಆಯಿ ಆ ಪುಟ್ಟ ಪರಕಾರವನ್ನು ತೆಗೆದುಕೊಂಡು ಬೆಳಕಿಗೆ ಹಿಡಿದಳು. ಒಮ್ಮೆಯೂ ತೊಡದ ಬಟ್ಟೆ. ಹೊಲಿಗೆಯ ಮೇಲೆ ಉಗುರಾಡಿಸಿದಳು. ಸೊಸೆ ಐದು ವರ್ಷ ಏನು ಮಾಡುತ್ತಿದ್ದಳು ಎಂಬುದು ಅವಳಿಗೂ ಆಗಲೇ ಗೊತ್ತಾದದ್ದಿರಬೇಕು. ಅದಕ್ಕೆ ಕುಂಕುಮ ಹಚ್ಚಿ, ತಾನೇ ಕೌದಿಯ ಕೆಳಗೆ ಹಾಸಿ, ಸುಕ್ಕು ತೀಡಿದಳು. ಅವ್ವ ನನಗೆ ಒಂದು ಖಾಲಿ ತಾಟು ಕೊಟ್ಟು ಗಂಡಸರ ಪಂಕ್ತಿಯ ಬಾಗಿಲತನಕ ಬಂದಳು, ಅಲ್ಲೇ ನಿಂತುಕೊಂಡಳು. ಒಳಗೆ ಹೋಗಬೇಕಾದವಳು ನಾನು. ಅಪ್ಪ ಇನ್ನೂ ಹೋಳಿಗೆ ಮುರಿದಿರಲಿಲ್ಲ. ಅವನು ಬಾಗಿಲಲ್ಲಿದ್ದ ಅವ್ವನನ್ನು ನೋಡಿದ, ಬಣ್ಣ ಬಣ್ಣದ ಪಟ್ಟಿಯ ಪರಕಾರವನ್ನು ನೋಡಿದ, ಅದರ ಸೊಂಟದ ಮೇಲೆ ಇಣುಕುತ್ತಿದ್ದ ಚಡ್ಡಿಯ ಲಾಡಿಯ ತುದಿಯನ್ನೂ ನೋಡಿದ. ನನ್ನ ಮಣೆಯ ಮೇಲಿದ್ದ ಹೆಡ್‌ಕ್ಲಾರ್ಕರನ್ನು ಏಳಿಸುವಂತಿರಲಿಲ್ಲ. ತನ್ನ ಮಣೆಯ ಮೇಲೆ ಸರಿದು, ಅರ್ಧ ನೆಲದ ಮೇಲೆ ಕುಳಿತು, ಉಳಿದ ಅರ್ಧವನ್ನು ಅಂಗೈಯಿಂದ ತಟ್ಟಿದ. ನಾನು ಹೋಗಿ ಕುಳಿತೆ. ತನ್ನ ಹೋಳಿಗೆಯನ್ನು ಮುರಿದು ನನ್ನ ತಾಟಿಗೆ ಹಾಕಿದ. ಹೆಡ್‌ಕ್ಲಾರ್ಕರು ಹಪ್ಪಳ ಚೆನ್ನಾಗಿವೆ ಎಂದರು.

ತಮ್ಮ ಬದುಕಿದ. ಈಗ ಭೋರ್‌ನಲ್ಲಿ ರಿಟೈರಾಗಿ ಇದ್ದಾನೆ, ಹೆಂಡತಿಗಿಂತ ಚೆನ್ನಾಗಿ ರೊಟ್ಟಿ ಬಡಿಯುತ್ತಾನೆ. ಅದಕ್ಕೆ ಆ ಪರಕಾರವೇ ಕಾರಣವೆಂದು ಅವನ ಹೆಂಡತಿ ಚೇಷ್ಟೆ ಮಾಡುತ್ತಾಳೆ. ನಾನು ಅಷ್ಟು ಕ್ರೆಡಿಟ್ ಕೊಡುವುದಿಲ್ಲ. ಅವನು ಕುಳಿತು ಉಣ್ಣುವ ವಯಸ್ಸಿಗೆ ಮನೆಯಲ್ಲಿ ಮಣೆಗಳು ಮೂರಾದವು. ನನ್ನನ್ನು ಕಾನ್ವೆಂಟಿಗೆ ಹಾಕಿದರು. ಅಲ್ಲಿ ಸಿಸ್ಟರ್ ಒಬ್ಬರು, ಮರ್ಯಾದಸ್ಥ ಹುಡುಗಿಯರು ಸಿಳ್ಳೆ ಹೊಡೆಯುವುದಿಲ್ಲ ಎಂದು ಇಂಗ್ಲಿಷಿನಲ್ಲಿ ತಿಳಿಸಿದರು. ನಾನು ಥ್ಯಾಂಕ್ಯೂ ಸಿಸ್ಟರ್ ಎಂದೆ, ಮೆಟ್ಟಿಲಿಳಿದ ಮೇಲೆ ಹೊಡೆದೆ. ಸ್ಕೂಲ್ ಡ್ರಾಮಾಗಳಲ್ಲಿ ನನಗೆ ರಾಜನ ಪಾರ್ಟೂ ಸಿಗುತ್ತಿತ್ತು, ರಾಣಿಯದೂ ಸಿಗುತ್ತಿತ್ತು. ಎರಡರಲ್ಲೂ ನನಗೆ ಸೋಗು ಅನ್ನಿಸಲಿಲ್ಲ. ಕೂದಲು ಬೆಳೆದ ಮೇಲೆ ಅವ್ವ ದಿನಾ ಜಡೆ ಹಾಕುತ್ತಿದ್ದಳು, ಎಳೆದು ಎಳೆದು. ನಾನು ಅಳುತ್ತಿದ್ದೆ, ಖುಷಿಯಿಂದ. ಮ್ಯಾಟ್ರಿಕ್ ಪಾಸಾದ ವರ್ಷ ಪೇಟೆಯಿಂದ ಇನ್ನೊಂದು ಮಣೆಯನ್ನು ಹೊತ್ತು ತಂದು ಅಪ್ಪನ ಇನ್ನೊಂದು ಪಕ್ಕಕ್ಕೆ ಇಟ್ಟೆ. ಅವ್ವ ಎರಡು ದಿನ ಅದರ ಮೇಲೆ ಒಗೆದ ಬಟ್ಟೆಯ ಗಂಟು ಇಟ್ಟಳು. ಮೂರನೆಯ ದಿನ ಕುಳಿತಳು.

ಇರಾ ಇದನ್ನೆಲ್ಲ ಕೇಳಿ, ಕೊನೆಗೆ ಹುಡುಗಿ ತಾಯಿಯೊಂದಿಗೆ ತನ್ನನ್ನು ಗುರುತಿಸಿಕೊಂಡಳು ಎಂದು ಬರೆದು ನನಗೆ ಓದಿ ಹೇಳಿದಳು. ಥಿಯರಿ ಅಲ್ಲಿಗೆ ಸರಿಯಾಗಿ ಕೂಡುತ್ತದಂತೆ. ಇರಬಹುದು. ತಂದೆಯ ಕಡೆ ವಾಲಿದ್ದು ನಿಜ, ತಾಯಿಯ ಮೇಲೆ ಮುನಿದದ್ದೂ ನಿಜ, ಮರಳಿ ಬಂದದ್ದೂ ನಿಜ. ಆದರೆ ನಾನು ಬರುವವರೆಗೆ ಆ ತಾಯಿ ಸುಮ್ಮನೆ ಕುಳಿತಿರಲಿಲ್ಲ, ಅದನ್ನೂ ಬರಿ ಎಂದೆ. ಮಗುವಿನ ಮನಸ್ಸಿನಲ್ಲಿ ಏನಾಗುತ್ತದೆ ಎಂದು ಇಷ್ಟೆಲ್ಲ ಬರೆದಿದ್ದಾರೆ, ಬಾಗಿಲು ಹಾಕಿಕೊಂಡವಳ ಕೈಯಲ್ಲಿ ಏನಿತ್ತು ಎಂದು ಯಾರಾದರೂ ನೋಡಿದ್ದಾರೆಯೇ? ಇರಾ ಲ್ಯಾಪ್‌ಟಾಪ್ ಮುಚ್ಚಿದಳು.

“ಅಜ್ಜಿ, ಅದು ಇನ್ನೂ ಅದ ಏನು, ಆ ಪರಕಾರ?”

ಇತ್ತು. ಐದನೆಯದು. ನನ್ನ ರೇಷ್ಮೆ ಸೀರೆಗಳ ಕೆಳಗೆ. ಅವಳು ಅದನ್ನು ಮಂಚದ ಮೇಲೆ ಹರವಿ, ಕೆಳಗಿನ ಅಂಚಿನ ಹತ್ತಿರ ಬೆರಳಿಟ್ಟು ಇದೇನು ಗೆರೆ ಎಂದು ಕೇಳಿದಾಗ ನಾನು ಹೇಳಬೇಕಾಯಿತು. ಅವ್ವ ಅಂಚಿಗೆ ಮೂರು ಮಡಿಕೆ ಹಾಕಿ ಹೊಲಿದಿದ್ದಳು, ನಾನು ಎತ್ತರವಾದಂತೆ ವರ್ಷಕ್ಕೊಂದು ಬಿಚ್ಚಿ ಉದ್ದ ಮಾಡಲೆಂದು. ಹೊಲಿಯುವಾಗ ತಮ್ಮ ಹುಟ್ಟಿರಲಿಲ್ಲ, ಹುಟ್ಟುತ್ತಾನೆಂಬ ಸುದ್ದಿಯೂ ಇರಲಿಲ್ಲ. ಹರಕೆ ಯಾವಾಗ ತೀರುತ್ತದೋ, ತೀರುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಆದರೂ ಮಗಳಿಗೆ ಮುಂದಿನ ಮೂರು ವರ್ಷದ ಉದ್ದ ಬಿಟ್ಟಿದ್ದಳು. ಎರಡು ಮಡಿಕೆ ಅವಳೇ ಬಿಚ್ಚಿದಳು. ಮೂರನೆಯದರ ಹೊತ್ತಿಗೆ ನನ್ನ ಸೊಂಟಕ್ಕೆ ಅದು ಸಾಲದಾಯಿತು, ಹಾಗೇ ಉಳಿಯಿತು.

ಇರಾ ನನ್ನ ಮುಖ ನೋಡಿದಳು. ನಾನು ಹೊಲಿಗೆ ಡಬ್ಬಿಯಿಂದ ಸಣ್ಣ ಕತ್ತರಿ ತೆಗೆದುಕೊಟ್ಟೆ. ಒಂದೊಂದೇ ಹೊಲಿಗೆ ಬಿಚ್ಚುತ್ತ ಅವಳು ಅಂಚಿನ ಸುತ್ತ ಹೋದಳು. ಅಂಚಿನ ಕೆಂಪು ಖಣ ಹೊರಗೆಲ್ಲ ಮಾಸಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಮಡಿಕೆಯ ಒಳಗೆ ಅದು ಅವ್ವ ಸೂಜಿ ಹಾಕಿದ ದಿನದಷ್ಟೇ ಕೆಂಪಾಗಿತ್ತು.